ಮೂರು ವಾರಕ್ಕೆ ಬಿಟ್ಟ ಓದು

ಅಮೆರಿಕದ ಪೌರತ್ವ ಸಿಕ್ಕಿದ ಮೇಲೆ ನಾನು ಮೊದಲ ಸಲ ಮತ ಹಾಕಿದ್ದು ಮಿನಿಯಾಪೊಲಿಸ್‌ನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ. ಅಧ್ಯಕ್ಷರಿಂದ ಹಿಡಿದು ಶಾಲಾ ಮಂಡಳಿಯವರೆಗೆ ಎಲ್ಲ ವೃತ್ತಗಳನ್ನೂ ಕಪ್ಪು ಪೆನ್ನಿನಿಂದ ತುಂಬಿ ಎದ್ದವಳನ್ನು ಮತಗಟ್ಟೆಯ ಹಿರಿಯ ಮಹಿಳೆಯೊಬ್ಬರು ತಡೆದು, ಹಿಂಬದಿಯನ್ನೂ ನೋಡಿದಿರಾ ಎಂದು ಕೇಳಿದರು. ಕಾಗದ ತಿರುಗಿಸಿದರೆ ಅಲ್ಲಿ ನ್ಯಾಯಾಧೀಶರ ಹೆಸರುಗಳ ಉದ್ದನೆಯ ಪಟ್ಟಿ. ಬಹುತೇಕ ಹುದ್ದೆಗಳಿಗೆ ಒಂದೊಂದೇ ಹೆಸರು. ಹೆಸರಿನ ಕೆಳಗೆ, ಇವರು ಹಾಲಿ ನ್ಯಾಯಾಧೀಶರು ಎಂಬ ಟಿಪ್ಪಣಿ. ನ್ಯಾಯಮೂರ್ತಿಗಳನ್ನು ಜನರು ಆರಿಸುವುದೇ ನನಗೆ ವಿಚಿತ್ರವಾಗಿ ಕಂಡಿತ್ತು. ಆರಿಸಿ ಎಂದು ಹೇಳಿ, ಆರಿಸಲು ಎರಡನೆಯವರನ್ನೇ ಕೊಡದಿರುವುದು ಇನ್ನಷ್ಟು ವಿಚಿತ್ರ. ಕೆಲವನ್ನು ತುಂಬಿದೆ, ಕೆಲವನ್ನು ಖಾಲಿ ಬಿಟ್ಟು ಹೊರಗೆ ಬಂದೆ. ಆ ಪಟ್ಟಿಯ ಹಿಂದೆ ಒಂದು ಮೊಕದ್ದಮೆಯ ಕಥೆಯಿದೆ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಅದೂ ಮಗಳ ಶಾಲೆಯ ಹೆಸರಿನ ನೆಪದಿಂದ.

ಶಾಲೆಯ ಹೆಸರು ಜಸ್ಟಿಸ್ ಪೇಜ್ ಮಿಡಲ್ ಸ್ಕೂಲ್. ಸೇರುವ ಮುನ್ನ ಮಗಳು ಕೇಳಿದ್ದಳು: "ಅಮ್ಮಾ, ಪೇಜ್ ಎಂದರೆ ಪುಟವಲ್ಲವೇ? ನ್ಯಾಯಮೂರ್ತಿ ಪುಟ ಎನ್ನುವುದು ಎಂಥ ಹೆಸರು?" ಆ ಮೇಲೆ ಕೆಲವು ದಿನ ಮನೆಯಲ್ಲಿ ಅದು ಪುಟಪ್ಪನವರ ಶಾಲೆಯೇ ಆಗಿಹೋಯಿತು. ಹಿಂದೆ ಆ ಶಾಲೆಗೆ ಅಲೆಕ್ಸಾಂಡರ್ ರಾಮ್ಸೆಯ ಹೆಸರಿತ್ತು. ಮಿನೆಸೋಟದ ಗವರ್ನರ್ ಆಗಿದ್ದ ಆತ 1862ರಲ್ಲಿ ಡಕೋಟ ಜನರನ್ನು ನಿರ್ನಾಮ ಮಾಡಬೇಕು, ಇಲ್ಲವೇ ರಾಜ್ಯದ ಗಡಿಯಾಚೆಗೆ ಶಾಶ್ವತವಾಗಿ ಅಟ್ಟಬೇಕು ಎಂದು ಶಾಸನಸಭೆಯ ಮುಂದೆ ಹೇಳಿದ್ದ. ಇತಿಹಾಸದ ಆ ಪುಟ ಓದಿದ ವಿದ್ಯಾರ್ಥಿಗಳು ಹೆಸರು ಬದಲಿಸಬೇಕೆಂದು ಹಟ ಹಿಡಿದರು. 2017ರಲ್ಲಿ ಶಾಲೆಗೆ ಅಲನ್ ಪೇಜ್ ಹೆಸರು ಬಂತು. ನ್ಯಾಯಮೂರ್ತಿಯೊಬ್ಬರ ಹೆಸರನ್ನು ಹನ್ನೆರಡು, ಹದಿಮೂರರ ಮಕ್ಕಳು ಯಾಕೆ ಆರಿಸಿದರೆಂದು ಕುತೂಹಲವಾಯಿತು. ಹುಡುಕಿದಾಗ ಮೊದಲು ಸಿಕ್ಕಿದ ಚಿತ್ರದಲ್ಲಿ ಕರಿಯ ನಿಲುವಂಗಿ ಇರಲಿಲ್ಲ. ನೇರಳೆ ಜೆರ್ಸಿ, ತಲೆಗೆ ಕೊಂಬಿನ ಗುರುತಿನ ಹೆಲ್ಮೆಟ್, ಜೆರ್ಸಿಯ ಮೇಲೆ 88 ಎಂಬ ಸಂಖ್ಯೆ.

ಅಮೆರಿಕದ ಫುಟ್ಬಾಲ್ ನನಗೆ ಇಂದಿಗೂ ಪೂರ್ತಿ ಅರ್ಥವಾಗಿಲ್ಲ. ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುವುದಕ್ಕೆ ಆ ಹೆಸರು ಯಾಕೆಂದು ಕೇಳುವುದನ್ನೂ ಬಿಟ್ಟಿದ್ದೇನೆ. ಪೇಜ್ ಆಡುತ್ತಿದ್ದದ್ದು ಡಿಫೆನ್ಸಿವ್ ಟ್ಯಾಕಲ್ ಎಂಬ ಸ್ಥಾನದಲ್ಲಿ. ಎದುರು ತಂಡದ ದಢೂತಿ ಆಟಗಾರರ ಗೋಡೆಯನ್ನು ಸೀಳಿಕೊಂಡು ಹೋಗಿ, ಅದರ ಹಿಂದೆ ಚೆಂಡು ಹಿಡಿದು ನಿಂತವನನ್ನು ಕೆಡವುವುದು ಆ ಸ್ಥಾನದವರ ಕೆಲಸ. ಕಬಡ್ಡಿ ನೋಡಿ ಬೆಳೆದವರಿಗೆ ಹೇಳುವುದಾದರೆ, ಹಿಡಿಯುವವನೇ ಗೆರೆ ದಾಟಿ ಎದುರಾಳಿಯ ಅಂಗಳಕ್ಕೆ ನುಗ್ಗುವ ಆಟ. 1967ರಿಂದ 1981ರವರೆಗೆ, ಮೊದಲು ಮಿನೆಸೋಟ ವೈಕಿಂಗ್ಸ್, ಆಮೇಲೆ ಶಿಕಾಗೋ ಬೇರ್ಸ್ ತಂಡಗಳಿಗೆ, ಒಂದು ಪಂದ್ಯವನ್ನೂ ತಪ್ಪಿಸದೆ ಅವರು ಆಡಿದ್ದು 218 ಪಂದ್ಯ. 1971ರಲ್ಲಿ ಇಡೀ ಲೀಗಿನ ಅತ್ಯಮೂಲ್ಯ ಆಟಗಾರ ಎಂಬ ಅಸೋಸಿಯೇಟೆಡ್ ಪ್ರೆಸ್‌ನ ಗೌರವ ಪಡೆದರು. ರಕ್ಷಣೆಯ ಸಾಲಿನಲ್ಲಿ ಆಡುವವರಿಗೆ ಅದು ಅದಕ್ಕೆ ಮುಂಚೆ ಸಿಕ್ಕಿರಲಿಲ್ಲ. ಆಮೇಲೂ ಸಿಕ್ಕಿದ್ದು ಒಬ್ಬರಿಗೇ, 1986ರಲ್ಲಿ ಲಾರೆನ್ಸ್ ಟೇಲರ್‌ಗೆ.

ಇದರಲ್ಲೊಂದು ತಮಾಷೆಯಿದೆ. ಎದುರಾಳಿ ಕ್ವಾರ್ಟರ್‌ಬ್ಯಾಕನ್ನು, ಎಂದರೆ ಆ ತಂಡದ ಆಟ ನಡೆಸುವವನನ್ನು, ಚೆಂಡಿನ ಸಮೇತ ಕೆಡವುವುದಕ್ಕೆ ‘ಸ್ಯಾಕ್’ ಎನ್ನುತ್ತಾರೆ. ಹಳೆಯ ಪಂದ್ಯಗಳ ದಾಖಲೆಗಳನ್ನು ಜಾಲಾಡಿದವರು ಪೇಜ್ ಅಂಥ 140ಕ್ಕೂ ಹೆಚ್ಚು ಸ್ಯಾಕ್ ಮಾಡಿದ್ದಾರೆಂದು ಎಣಿಸಿದ್ದಾರೆ. ಆದರೆ ಲೀಗ್ ಅದನ್ನು ಅಧಿಕೃತವಾಗಿ ಲೆಕ್ಕಕ್ಕೆ ಹಿಡಿಯತೊಡಗಿದ್ದು 1982ರಲ್ಲಿ, ಪೇಜ್ ಆಟ ಬಿಟ್ಟ ಮರುವರ್ಷ. ಹೀಗಾಗಿ ಅಧಿಕೃತ ಪುಸ್ತಕದಲ್ಲಿ ಅವರು ಯಾರನ್ನೂ ಕೆಡವಿಲ್ಲ. ಲೆಕ್ಕಪತ್ರದ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದ ನನಗೆ ಇದು ಬಹಳ ಹಿಡಿಸಿತು. ಖಾತೆಯಲ್ಲಿ ಕಾಲಂ ಇಲ್ಲದಿದ್ದರೆ ಸಂಗತಿ ನಡೆದೇ ಇಲ್ಲ!

ಆಟದಿಂದ ಕಲಿತ ಶಿಸ್ತು, ಸಮಚಿತ್ತ, ಸೋಲನ್ನು ಸಹಿಸುವ ಗುಣ ಇವೆಲ್ಲ ಅವರನ್ನು ನ್ಯಾಯಪೀಠಕ್ಕೆ ಒಯ್ದವು ಎಂದು ನಾನು ಓದಿದ ಬಹುಪಾಲು ಲೇಖನಗಳು ಹೇಳುತ್ತವೆ. ಓದುತ್ತ ಹೋದಂತೆ ನನಗೆ ಇದರಲ್ಲಿ ನಂಬಿಕೆ ಕಡಿಮೆಯಾಯಿತು. ಅವರ ಜೀವನದ ಕ್ರಮವೇ ಬೇರೆ. ಕಾನೂನಿನ ಆಸೆ ಮೊದಲು ಬಂದಿತ್ತು, ಆಟ ಆಮೇಲೆ ಬಂತು. ಆಟ ಆ ಆಸೆಗೆ ಹಣ ಕೊಟ್ಟಿತು, ಹೆಸರು ಕೊಟ್ಟಿತು, ನಡುವೆ ಎಷ್ಟೋ ವರ್ಷ ಅಡ್ಡವೂ ನಿಂತಿತು.

ಪೇಜ್ ಹುಟ್ಟಿದ್ದು 1945ರಲ್ಲಿ, ಓಹಾಯೋ ರಾಜ್ಯದ ಕ್ಯಾಂಟನ್ ಎಂಬ ಉಕ್ಕಿನ ಕಾರ್ಖಾನೆಗಳ ಊರಿನಲ್ಲಿ. ವೃತ್ತಿಪರ ಫುಟ್ಬಾಲ್ ಲೀಗ್ 1920ರಲ್ಲಿ ಹುಟ್ಟಿದ್ದೂ ಅಲ್ಲೇ, ಒಂದು ಕಾರು ಮಾರುವ ಮಳಿಗೆಯಲ್ಲಿ ಕುಳಿತು ನಡೆಸಿದ ಸಭೆಯಲ್ಲಿ. ಆ ನೆನಪಿಗೆ ಊರಿನಲ್ಲಿ, ಆಟದ ಶ್ರೇಷ್ಠರನ್ನು ಗೌರವಿಸುವ ‘ಹಾಲ್ ಆಫ್ ಫೇಮ್’ ಕಟ್ಟಡ ಏಳುತ್ತಿದ್ದಾಗ ಶಾಲೆ ಮುಗಿಸುವ ವಯಸ್ಸಿನ ಅಲನ್ ಅಲ್ಲಿ ಕೂಲಿಯಾಗಿ ದುಡಿದಿದ್ದರು. ಇಪ್ಪತ್ತೈದು ವರ್ಷಗಳ ನಂತರ ಅದೇ ಕಟ್ಟಡದೊಳಗೆ ಅವರ ಕಂಚಿನ ಮುಖ ಕುಳಿತಿತು. ಇಂಥ ಕಾಕತಾಳೀಯವನ್ನು ಕಾದಂಬರಿಯಲ್ಲಿ ಬರೆದರೆ ಸಂಪಾದಕರು ಹೊಡೆದುಹಾಕುತ್ತಾರೆ. ನನ್ನ ಗಮನ ಹೋದದ್ದು ಇದಕ್ಕಿಂತ ಸಣ್ಣ ಸಂಗತಿಗೆ. ಹುಡುಗನಿಗೆ ಉಕ್ಕಿನ ಕಾರ್ಖಾನೆಯ ಕೆಲಸ ಬೇಡವಾಗಿತ್ತು. ದಿನವೂ ಅದನ್ನೇ ಮಾಡುವ ಬದುಕು ಬೇಡವಾಗಿತ್ತು. ಟಿವಿಯಲ್ಲಿ ವಕೀಲರ ಧಾರಾವಾಹಿ ನೋಡುತ್ತಿದ್ದ. ಅವನಿಗೆ ಎಂಟು ವರ್ಷವಾಗಿದ್ದಾಗ, 1954ರ ಮೇ ತಿಂಗಳಲ್ಲಿ, ಕರಿಯ ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಬೇರೆ ಬೇರೆ ಶಾಲೆಗಳಲ್ಲಿ ಇಡುವುದು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತ್ತು. ಕರಿಯ ಕುಟುಂಬದ ಮಗುವಿಗೆ ನ್ಯಾಯಾಲಯವೆಂದರೆ ಏನನ್ನಾದರೂ ಬದಲಿಸಬಲ್ಲ ಜಾಗ ಎನ್ನಿಸಿದ್ದರೆ ಆಶ್ಚರ್ಯವಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡರು. ಫುಟ್ಬಾಲ್ ಆಡತೊಡಗಿದ್ದು ಪ್ರೌಢಶಾಲೆಯಲ್ಲಿ.

ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಓದಿ, ವೈಕಿಂಗ್ಸ್ ಸೇರಿದ ಮೊದಲ ವರ್ಷಗಳಲ್ಲೇ ಪೇಜ್ ಸೇಂಟ್ ಪಾಲ್‌ನ ವಿಲಿಯಂ ಮಿಚೆಲ್ ಕಾನೂನು ಕಾಲೇಜಿಗೂ ಸೇರಿದರು. ಮೂರು ವಾರಕ್ಕೆ ಬಿಟ್ಟರು.

ಆ ಮೂರು ವಾರಗಳ ಬಗ್ಗೆ ಬರೆದವರು ಕಡಿಮೆ. ಎಲ್ಲರೂ ಒಂದು ಸಾಲಿನಲ್ಲಿ ದಾಟಿ ಹೋಗುತ್ತಾರೆ. ನಾನು ಮಾತ್ರ ಅಲ್ಲೇ ನಿಂತೆ, ಏಕೆಂದರೆ ನನ್ನದು ಐದು ವಾರ. ನಲವತ್ತೊಂದನೆಯ ವಯಸ್ಸಿನಲ್ಲಿ ವಕೀಲರ ಸಹಾಯಕರಾಗುವ ತರಬೇತಿಗೆಂದು ಸಂಜೆ ತರಗತಿ ಸೇರಿದ್ದೆ. ಕರಾರುಗಳ ಕಾನೂನಿನ ಪುಸ್ತಕ ಒಂದು ಇಟ್ಟಿಗೆಯಷ್ಟು ದಪ್ಪ. ಕಚೇರಿ ಮುಗಿಸಿ, ಬಸ್ಸಿನಲ್ಲಿ ಕುಳಿತು ಒಂದು ಪ್ರಕರಣವನ್ನು ಮೂರು ಸಲ ಓದಿದರೂ, ತರಗತಿಯಲ್ಲಿ ಅಧ್ಯಾಪಕರು ಪ್ರಶ್ನೆ ಕೇಳಿದಾಗ ನಾನು ಓದಿದ್ದು ಬೇರೆಯೇ ಪ್ರಕರಣವೇನೋ ಎನ್ನಿಸುತ್ತಿತ್ತು. ಇಂಗ್ಲಿಷ್ ಬಾರದವಳೇನಲ್ಲ ನಾನು. ಆದರೆ ಆ ಭಾಷೆಯಲ್ಲಿ ನನಗೆ ಗೊತ್ತಿದ್ದ ಪದಗಳೆಲ್ಲ ನನಗೆ ಗೊತ್ತಿಲ್ಲದ ಅರ್ಥದಲ್ಲಿ ಓಡಾಡುತ್ತಿದ್ದವು. ಐದನೆಯ ವಾರದ ಗುರುವಾರ ಬಸ್ಸಿನಿಂದ ಇಳಿಯಲೇ ಇಲ್ಲ. ಮುಂದಿನ ನಿಲ್ದಾಣದವರೆಗೆ ಹೋಗಿ, ರಸ್ತೆ ದಾಟಿ, ವಾಪಸ್ ಬಸ್ ಹತ್ತಿದೆ. ಪುಸ್ತಕ ಇನ್ನೂ ಮನೆಯಲ್ಲಿದೆ. ಮಗಳು ಅದರ ಮೇಲೆ ಗಿಡದ ಕುಂಡ ಇಟ್ಟಿದ್ದಾಳೆ.

ಪೇಜ್ ಕೂಡ ಆಗ ತನಗೆ ಏನು ನಡೆಯುತ್ತಿದೆಯೆಂದೇ ತಿಳಿಯಲಿಲ್ಲ ಎಂಬರ್ಥದ ಮಾತನ್ನು ಮುಂದೆ ಆಡಿದ್ದಾರೆ. ವ್ಯತ್ಯಾಸವೆಂದರೆ ಅವರು 1975ರಲ್ಲಿ ಮರಳಿ ಹೋದರು. ಈ ಬಾರಿ ಮಿನೆಸೋಟ ವಿಶ್ವವಿದ್ಯಾಲಯದ ಕಾನೂನು ಶಾಲೆ. ಆ ಹೊತ್ತಿಗೆ ಅವರು ಲೀಗಿನ ಅತ್ಯಂತ ಹೆಸರಾಂತ ಆಟಗಾರರಲ್ಲಿ ಒಬ್ಬರು. ಸೂಪರ್ ಬೌಲ್ ಅಂತಿಮ ಪಂದ್ಯವನ್ನು ಮೂರು ಬಾರಿ ಆಡಿ ಮೂರು ಬಾರಿಯೂ ಸೋತಿದ್ದರು, ನಾಲ್ಕನೆಯ ಸೋಲು 1977ರಲ್ಲಿ ಕಾದಿತ್ತು. ಹಗಲು ತರಗತಿ, ಅಭ್ಯಾಸ, ಭಾನುವಾರ ಪಂದ್ಯ. 1978ರಲ್ಲಿ ಪದವಿ.

ಎರಡು ಪ್ರಯತ್ನಗಳ ನಡುವಿನ ಆ ಏಳೆಂಟು ವರ್ಷಗಳಲ್ಲಿ ಏನಾಯಿತು? ನನ್ನ ಊಹೆ ಇಷ್ಟು. ಆ ಅವಧಿಯಲ್ಲಿ ಪೇಜ್ ಆಟಗಾರರ ಸಂಘದಲ್ಲಿ ತಮ್ಮ ತಂಡದ ಪ್ರತಿನಿಧಿಯಾಗಿದ್ದರು, ಸಂಘದ ಕಾರ್ಯಕಾರಿ ಸಮಿತಿಯಲ್ಲೂ ಇದ್ದರು. ಆಗ ಲೀಗಿನಲ್ಲಿ ರೋಝೆಲ್ ನಿಯಮ ಎಂಬುದೊಂದಿತ್ತು. ಆಟಗಾರನ ಕರಾರು ಮುಗಿದು ಅವನು ಬೇರೆ ತಂಡಕ್ಕೆ ಹೋದರೆ, ಹೊಸ ತಂಡವು ಹಳೆಯ ತಂಡಕ್ಕೆ ಪರಿಹಾರ ಕೊಡಬೇಕು. ಎರಡೂ ತಂಡಗಳು ಒಪ್ಪಂದಕ್ಕೆ ಬರದಿದ್ದರೆ ಅದೆಷ್ಟೆಂದು ತೀರ್ಮಾನಿಸುವವರು ಲೀಗಿನ ಕಮಿಷನರ್ ಪೀಟ್ ರೋಝೆಲ್. ಏನು ತೆರಬೇಕಾದೀತೋ ಎಂಬ ಭಯಕ್ಕೆ ಯಾವ ತಂಡವೂ ಕೈ ಹಾಕುತ್ತಿರಲಿಲ್ಲ. ಕರಾರು ಮುಗಿದರೂ ಆಟಗಾರ ಕಟ್ಟಿದ ಕಂಬದಲ್ಲೇ ಇರುತ್ತಿದ್ದ. 1974ರಲ್ಲಿ ಆಟಗಾರರು ಮುಷ್ಕರ ಹೂಡಿ ಸೋತರು. ಆದರೆ ಮುಷ್ಕರದಿಂದ ಆಗದ ಕೆಲಸ ಕೋರ್ಟಿನಲ್ಲಿ ಆಯಿತು. ಮಿನಿಯಾಪೊಲಿಸ್‌ನ ಫೆಡರಲ್ ನ್ಯಾಯಾಲಯದಲ್ಲಿ ನ್ಯಾಯಾಧೀಶ ಅರ್ಲ್ ಲಾರ್ಸನ್ ವಾರಗಟ್ಟಲೆ ವಿಚಾರಣೆ ನಡೆಸಿ, 1975ರ ಕೊನೆಯಲ್ಲಿ ಆ ನಿಯಮ ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದರು. ಮರುವರ್ಷ ಮೇಲ್ಮನವಿ ನ್ಯಾಯಾಲಯವೂ ನಿಯಮ ಕಾನೂನುಬಾಹಿರವೆಂದೇ ಹೇಳಿತು. ಪೇಜ್ ಎರಡನೆಯ ಸಲ ಕಾನೂನು ಶಾಲೆಯ ಮೆಟ್ಟಿಲು ಹತ್ತಿದ್ದು ಲಾರ್ಸನ್ ತೀರ್ಪಿನ ವರ್ಷವೇ, ಅದೇ ಊರಿನಲ್ಲಿ. ಮೊದಲ ಸಲ ಪುಸ್ತಕದಲ್ಲಿದ್ದ ‘ಕರಾರು’ ಎಂಬ ಪದ ಬರೀ ಪದವಾಗಿತ್ತು. ಎರಡನೆಯ ಸಲ ಅದು ಅವರ ಕೊರಳಿಗೇ ಬಿದ್ದಿದ್ದ ಹಗ್ಗ. ಓದು ಈ ಬಾರಿ ಅರ್ಥವಾಗಿರಲೇಬೇಕು. ನನ್ನ ಗಿಡದ ಕುಂಡದ ಕೆಳಗಿನ ಪುಸ್ತಕಕ್ಕೆ ಅಂಥ ಭಾಗ್ಯ ಬಂದಿಲ್ಲ. ಮನೆ ಸಾಲದ ಕರಾರು ಕೊರಳಿಗಿದ್ದರೂ ನಾನದನ್ನು ಓದದೆ ಸಹಿ ಹಾಕಿದವಳು.

ಇಷ್ಟರಲ್ಲಿ ಇನ್ನೊಂದು ಸಂಗತಿ ನಡೆದಿತ್ತು. ಸಿಗರೇಟು ಬಿಡಬೇಕೆಂದು ಪೇಜ್ ಪತ್ನಿ ಡಯಾನ್ ಓಡಲು ಶುರುಮಾಡಿದರು. ಜೊತೆಗೆ ಅವರೂ ಓಡಿದರು, ಓಡುತ್ತಲೇ ಹೋದರು. ದೂರ ಓಡುವವನ ಮೈಯಲ್ಲಿ ಕೊಬ್ಬು ನಿಲ್ಲುವುದಿಲ್ಲ. ತೂಕ 225 ಪೌಂಡಿನ ಆಸುಪಾಸಿಗೆ ಇಳಿಯಿತು. ನೂರಕ್ಕೂ ಮಿಕ್ಕ ಕಿಲೋ ತೂಗುವವನನ್ನು ತೆಳ್ಳಗಾದ ಎಂದು ದೂರುವ ಕಸುಬು ಲೋಕದಲ್ಲಿ ಬೇರೆಷ್ಟಿವೆಯೋ! 1978ರ ಅಕ್ಟೋಬರಿನಲ್ಲಿ, ಋತುವಿನ ನಡುವೆಯೇ, ತಂಡ ಅವರನ್ನು ಕೈಬಿಟ್ಟಿತು. ಈ ಸ್ಥಾನಕ್ಕೆ ಬೇಕಾದ ಗಾತ್ರ, ಬಲ ಉಳಿದಿಲ್ಲ ಎಂಬುದು ಕೊಟ್ಟ ಕಾರಣ. ಮರುದಿನವೇ ಎನ್ನುವಷ್ಟು ಬೇಗ ಶಿಕಾಗೋ ಅವರನ್ನು ಕರೆದುಕೊಂಡಿತು. ಅಲ್ಲಿ ಅವರು ಮತ್ತೆ 58 ಪಂದ್ಯ ಆಡಿದರು. 1979ರಲ್ಲಿ ಮ್ಯಾರಥಾನ್ ಓಟ ಪೂರೈಸಿದರು. ಲೀಗಿನಲ್ಲಿ ಆಡುತ್ತಿರುವಾಗಲೇ ಹಾಗೆ ಮಾಡಿದವರಲ್ಲಿ ಅವರೇ ಮೊದಲಿಗರು ಎನ್ನುತ್ತಾರೆ. ಋತುವಿಲ್ಲದ ತಿಂಗಳುಗಳಲ್ಲಿ ಮಿನಿಯಾಪೊಲಿಸ್‌ನ ವಕೀಲರ ಸಂಸ್ಥೆಯೊಂದರಲ್ಲಿ ಕೆಲಸ.

ಒಂದು ಕಚೇರಿಗೆ ಆ ಮೈ ಸಾಕಾಗಲಿಲ್ಲ, ಇನ್ನೊಂದಕ್ಕೆ ಹೆಚ್ಚಾಗಿ ಕಂಡಿರಲಿಕ್ಕೂ ಸಾಕು. ಆರಡಿ ನಾಲ್ಕಂಗುಲದ ಕರಿಯ ಆಟಗಾರ ಸೂಟು ತೊಟ್ಟು ಕಡತ ಹಿಡಿದು ಬಂದಾಗ, ಮೇಜಿನ ಆಚೆಗೆ ಕುಳಿತವರು ಮೊದಲು ಏನು ನೋಡಿರಬಹುದು? ಪೇಜ್ ಮುಂದೆ ಬೋ ಟೈ ಕಟ್ಟುವ ನ್ಯಾಯಮೂರ್ತಿ ಎಂದೇ ಹೆಸರಾದರು. ಬಲಗೈಯೋ ಎಡಗೈಯೋ ನನಗೆ ಮುಖ್ಯವಲ್ಲ, ಅವರ ಒಂದು ಕಿರುಬೆರಳು ಆಟದಲ್ಲಿ ಮತ್ತೆ ಮತ್ತೆ ಕೀಲು ತಪ್ಪಿ, ಉಳಿದ ಬೆರಳುಗಳಿಗೆ ಅಡ್ಡಲಾಗಿ ಹೊರಕ್ಕೆ ಚಾಚಿಕೊಂಡಿದೆ. ಶಾಲೆಗಳಿಗೆ ಹೋದಾಗ ಮಕ್ಕಳ ಮೊದಲ ಪ್ರಶ್ನೆಯೇ ಅದರ ಬಗ್ಗೆ. ಆ ಬೆರಳಿನ ಮೇಲೆ ಅವರು, ಅಧ್ಯಾಪಕಿಯಾದ ಮಗಳ ಜೊತೆ ಸೇರಿ, ಮಕ್ಕಳ ಪುಸ್ತಕವನ್ನೂ ಬರೆದಿದ್ದಾರೆ.

ಈ ಹಾದಿಯಲ್ಲಿ ಅವರಿಗಿಂತ ಮುಂಚೆ ನಡೆದವರು ಇಲ್ಲದಿಲ್ಲ. ಬೈರನ್ ವೈಟ್ 1938ರಲ್ಲಿ ಪಿಟ್ಸ್‌ಬರ್ಗ್ ತಂಡದಿಂದ ಒಂದು ಋತುವಿಗೆ 15,800 ಡಾಲರ್ ಪಡೆದು ಲೀಗಿನ ಅತಿ ಹೆಚ್ಚು ಸಂಬಳದ ಆಟಗಾರರಾಗಿದ್ದರು. ಆಕ್ಸ್‌ಫರ್ಡ್‌ಗೆ ಹೋದರು, ಯೇಲ್‌ನಲ್ಲಿ ಕಾನೂನು ಓದಿದರು, 1962ರಲ್ಲಿ ಅಧ್ಯಕ್ಷ ಕೆನಡಿಯವರು ವೈಟ್ ಅವರನ್ನು ಸುಪ್ರೀಂ ಕೋರ್ಟಿಗೆ ನೇಮಿಸಿದರು. ಮೂವತ್ತೊಂದು ವರ್ಷ ಅಲ್ಲಿದ್ದರು. ಕಾಲೇಜಿನಲ್ಲಿ ಆಡುವಾಗ ಪತ್ರಿಕೆಯವರು ಅಂಟಿಸಿದ ‘ವಿಝರ್’ ಎಂಬ ಅಡ್ಡಹೆಸರನ್ನು ಕೊನೆಯವರೆಗೂ ಸಹಿಸಲಿಲ್ಲವಂತೆ. ನನಗೆ ವೈಟ್ ಅವರಿಗಿಂತ ಡ್ಯೂಕ್ ಸ್ಲೇಟರ್ ಹೆಚ್ಚು ಕಾಡುತ್ತಾರೆ. ಪಾದ್ರಿಯ ಮಗ. ಶಾಲೆಯಲ್ಲಿ ಆಟಗಾರರು ಹೆಲ್ಮೆಟ್ಟನ್ನೂ ಬೂಟನ್ನೂ ತಾವೇ ಕೊಳ್ಳಬೇಕಿತ್ತು. ತಂದೆಗೆ ಎರಡಕ್ಕೂ ಹಣವಿಲ್ಲ, ಒಂದನ್ನು ಆರಿಸಿಕೋ ಎಂದರು. ಪಾದ ದೊಡ್ಡದಾಗಿದ್ದ ಹುಡುಗ ಬೂಟು ಆರಿಸಿಕೊಂಡ, ಬರಿತಲೆಯಲ್ಲಿ ಆಡಿದ. 1922ರಲ್ಲಿ ಲೀಗಿಗೆ ಬಂದು ಹತ್ತು ಋತು ಆಡಿದರು. ಆಗಿನ ಕೆಲವು ಋತುಗಳಲ್ಲಿ ಇಡೀ ಲೀಗಿಗೆ ಕರಿಯ ಆಟಗಾರ ಅವರೊಬ್ಬರೇ. ಆಡುತ್ತಲೇ 1928ರಲ್ಲಿ ಅಯೋವದಲ್ಲಿ ಕಾನೂನು ಪದವಿ ಮುಗಿಸಿದರು, 1948ರಲ್ಲಿ ಶಿಕಾಗೋದ ಮುನಿಸಿಪಲ್ ನ್ಯಾಯಾಲಯಕ್ಕೆ ಚುನಾಯಿತರಾದರು. ತೀರಿಕೊಂಡದ್ದು 1966ರಲ್ಲಿ, ನ್ಯಾಯಾಧೀಶರಾಗಿರುವಾಗಲೇ. ಹಾಲ್ ಆಫ್ ಫೇಮ್‌ಗೆ ಅವರ ನೆನಪಾದದ್ದು 2020ರಲ್ಲಿ. ವೈಟ್ ಅವರನ್ನು ಅಧ್ಯಕ್ಷರೇ ಕರೆದು ಕೂರಿಸಿದರು. ಸ್ಲೇಟರ್ ಮತ್ತು ಪೇಜ್ ಜನರ ಮುಂದೆ ಹೋಗಿ ಮತ ಕೇಳಬೇಕಾಯಿತು.

ಹೀಗೆ ಆ ಮತಪತ್ರದ ಹಿಂಬದಿಗೆ ಬಂದೆ.

ಪೇಜ್ 1985ರಿಂದ ಮಿನೆಸೋಟದ ಅಟಾರ್ನಿ ಜನರಲ್ ಕಚೇರಿಯಲ್ಲಿ ದುಡಿಯುತ್ತಿದ್ದರು, ಹೆಚ್ಚಾಗಿ ಉದ್ಯೋಗ ಸಂಬಂಧದ ಮೊಕದ್ದಮೆಗಳು. ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಏಳು ಸ್ಥಾನ, ಅವಧಿ ಆರು ವರ್ಷ, ಸಂವಿಧಾನದ ಪ್ರಕಾರ ಚುನಾವಣೆ. ವಾಡಿಕೆ ಮಾತ್ರ ಬೇರೆ. ನ್ಯಾಯಮೂರ್ತಿಗಳು ಅವಧಿಯ ನಡುವೆ ನಿವೃತ್ತರಾಗುತ್ತಾರೆ, ಖಾಲಿಯಾದ ಸ್ಥಾನಕ್ಕೆ ಗವರ್ನರ್ ನೇಮಕ ಮಾಡುತ್ತಾರೆ, ನೇಮಕಗೊಂಡವರು ಮುಂದಿನ ಚುನಾವಣೆಗೆ ‘ಹಾಲಿ’ ಎಂಬ ಟಿಪ್ಪಣಿಯೊಂದಿಗೆ ಬರುತ್ತಾರೆ. ಅವರ ವಿರುದ್ಧ ನಿಲ್ಲುವವರು ವಿರಳ. ನಾನು ಕಂಡ ಒಂದೊಂದೇ ಹೆಸರಿನ ಗುಟ್ಟು ಇದು. 1992ರಲ್ಲಿ ಲಾರೆನ್ಸ್ ಯೆಟ್ಕ ಎಂಬ ನ್ಯಾಯಮೂರ್ತಿಯ ಅವಧಿ ಮುಗಿಯುವುದಿತ್ತು. ಆ ಸ್ಥಾನಕ್ಕೆ ನಿಲ್ಲಲು ಪೇಜ್ ಸಿದ್ಧರಾದರು. ಆದರೆ ಗವರ್ನರ್ ಆರ್ನಿ ಕಾರ್ಲ್‌ಸನ್ ಯೆಟ್ಕ ಅವರ ಅವಧಿಯನ್ನು ವಿಸ್ತರಿಸಿಬಿಟ್ಟರು. ಅವಧಿಯೇ ಮುಗಿಯದಿದ್ದರೆ ಚುನಾವಣೆ ಎಲ್ಲಿಂದ ಬರಬೇಕು?

ಪೇಜ್ ಕೋರ್ಟಿಗೆ ಹೋದರು. ತಾನು ಯಾವ ನ್ಯಾಯಾಲಯದ ಸದಸ್ಯನಾಗಬೇಕೆಂದಿದ್ದಾರೋ ಅದೇ ನ್ಯಾಯಾಲಯದ ಮುಂದೆ, ಅದೇ ನ್ಯಾಯಾಲಯದ ಕುರ್ಚಿಯೊಂದರ ಬಗ್ಗೆ, ಗವರ್ನರರನ್ನೇ ಪ್ರತಿವಾದಿ ಮಾಡಿ. ಹಾಲಿ ನ್ಯಾಯಮೂರ್ತಿಗಳು ತಮ್ಮ ಸಹೋದ್ಯೋಗಿಯ ಪ್ರಶ್ನೆಯನ್ನು ತಾವೇ ತೀರ್ಮಾನಿಸುವಂತಿರಲಿಲ್ಲ. ಅವರು ಬದಿಗೆ ಸರಿದು, ಬದಲಿ ನ್ಯಾಯಾಧೀಶರ ವಿಶೇಷ ಪೀಠ ಕೂತಿತು. ಪೇಜ್ ವಿರುದ್ಧ ಕಾರ್ಲ್‌ಸನ್ ಎಂದು ಹೆಸರಾದ ಆ ಪ್ರಕರಣದಲ್ಲಿ ಪೀಠ ಪೇಜ್ ಪರವಾಗಿ ತೀರ್ಪು ಕೊಟ್ಟಿತು; ಚುನಾವಣೆ ನಡೆಯಲೇಬೇಕು ಎಂದಿತು. ನಡೆಯಿತು, ಸ್ಪಷ್ಟ ಬಹುಮತದಿಂದ ಗೆದ್ದರು. 1993ರ ಜನವರಿಯಲ್ಲಿ ಮಿನೆಸೋಟದ ಸುಪ್ರೀಂ ಕೋರ್ಟಿನ ಮೊದಲ ಆಫ್ರಿಕನ್ ಅಮೆರಿಕನ್ ನ್ಯಾಯಮೂರ್ತಿಯಾಗಿ ಪ್ರಮಾಣವಚನ.

ಆಟಗಾರನ ಹೆಸರು ನೋಡಿ ಜನ ಮತ ಒತ್ತಿದರು ಎಂದು ಹೇಳುವವರು ಆಗಲೂ ಇದ್ದಿರಬೇಕು, ಈಗಲೂ ಇದ್ದಾರೆ. ಇರಬಹುದು, ನಾನು ಅಲ್ಲಗಳೆಯುವುದಿಲ್ಲ. ಹೆಸರಿಲ್ಲದ ಇನ್ನೊಬ್ಬ ವಕೀಲ ಇಂಥ ಮೊಕದ್ದಮೆ ಗೆದ್ದೂ ಚುನಾವಣೆಯಲ್ಲಿ ಸೋಲಬಹುದಿತ್ತು. ಆದರೆ ಮೊಕದ್ದಮೆ ಗೆಲ್ಲಿಸಿದ್ದು ಜೆರ್ಸಿಯ ಸಂಖ್ಯೆಯಲ್ಲ, ಸಂವಿಧಾನದ ಸಾಲುಗಳ ಓದು. ಜನ ಮತ ಹಾಕಲು ಒಂದು ಎರಡನೆಯ ಹೆಸರಾದರೂ ಇದ್ದದ್ದು ಆ ಓದಿನ ದೆಸೆಯಿಂದ. ಆಮೇಲೆ ಮೂರು ಬಾರಿ, 1998, 2004 ಮತ್ತು 2010ರಲ್ಲಿ, ಮರುಆಯ್ಕೆಯಾದರು. ಹಾಗೆ ಆಯ್ಕೆಯಾದವರೇ ತಾವೂ ‘ಹಾಲಿ’ ಎಂಬ ಟಿಪ್ಪಣಿಯ ಲಾಭ ಪಡೆದರು ಎನ್ನುವುದನ್ನೂ ಹೇಳಿಬಿಡಬೇಕು. ಎಪ್ಪತ್ತು ತುಂಬಿದ ತಿಂಗಳಲ್ಲೇ, 2015ರ ಆಗಸ್ಟಿನಲ್ಲಿ, ಕಡ್ಡಾಯ ನಿವೃತ್ತಿ.

2005ರಲ್ಲಿ ಜಾನ್ ರಾಬರ್ಟ್ಸ್ ಅಮೆರಿಕದ ಮುಖ್ಯ ನ್ಯಾಯಮೂರ್ತಿಯಾಗುವ ಮುನ್ನ ಸೆನೆಟ್ ಸಮಿತಿಯ ಮುಂದೆ, ನ್ಯಾಯಾಧೀಶರು ಅಂಪೈರುಗಳಂತೆ, ಅವರು ನಿಯಮ ಮಾಡುವುದಿಲ್ಲ, ಇರುವ ನಿಯಮವನ್ನು ಅನ್ವಯಿಸುತ್ತಾರೆ ಎಂದಿದ್ದರು. ಅದು ಬೇಸ್‌ಬಾಲ್‌ನ ಹೋಲಿಕೆ. ಕೇಳಲು ಚೆನ್ನಾಗಿದೆ, ಮಕ್ಕಳಿಗೂ ಅರ್ಥವಾಗುತ್ತದೆ. ಆದರೆ ಅಂಗಳದ ಮಧ್ಯೆ ಹದಿನೈದು ವರ್ಷ ಮೈ ಕೊಟ್ಟು ಆಡಿದವರಿಗೆ ಅಂಪೈರ್ ಬೇರೆಯೇ ಕೋನದಿಂದ ಕಾಣುತ್ತಾರೆ ಎಂದು ನನ್ನ ಅನುಮಾನ. ನೆಲಕ್ಕೆ ಬಿದ್ದ ಆಟಗಾರನಿಗೆ ಕಾಣುವುದನ್ನು ನಿಂತ ಅಂಪೈರ್ ಎಷ್ಟೋ ಸಲ ಕಂಡಿರುವುದಿಲ್ಲ. ಪೇಜ್ ಪೀಠದಲ್ಲಿದ್ದಾಗ, 2003ರಲ್ಲಿ, ಆ ನ್ಯಾಯಾಲಯದ ಮುಂದೆ ಸಣ್ಣದೆನಿಸುವ ಪ್ರಕರಣವೊಂದು ಬಂತು. ಸಂಚಾರ ನಿಯಮದ ಸಲುವಾಗಿ ಪೊಲೀಸರು ಕಾರೊಂದನ್ನು ನಿಲ್ಲಿಸಿದರು; ಕಾರಿನಲ್ಲಿ ಸುಮ್ಮನೆ ಕುಳಿತಿದ್ದ ಪ್ರಯಾಣಿಕನನ್ನು ಕೆಳಗಿಳಿಸಿ, ಮಾದಕವಸ್ತು ಇದೆಯೇ, ಶೋಧಿಸಲೇ ಎಂದು ಕೇಳಿದರು. ಕಾರು ನಿಲ್ಲಿಸಿದ ಕಾರಣಕ್ಕೂ ಈ ಪ್ರಶ್ನೆಗೂ ಸಂಬಂಧವಿಲ್ಲ, ಹಾಗೆ ಕೇಳಬೇಕಾದರೆ ವಿವರಿಸಿ ಹೇಳಬಹುದಾದ ಅನುಮಾನ ಇರಬೇಕು ಎಂದು ನ್ಯಾಯಾಲಯ ಹೇಳಿತು. ಮಿನಿಯಾಪೊಲಿಸ್‌ನ ಆಸುಪಾಸಿನಲ್ಲಿ ಪೊಲೀಸರು ಕಾರು ನಿಲ್ಲಿಸಿದರೆ ಕರಿಯರಿಗೆ ಏನಾಗಬಹುದು ಎಂಬುದನ್ನು ಲೋಕವೆಲ್ಲ ತಿಳಿದದ್ದು ಬಹಳ ತಡವಾಗಿ.

ಪೇಜ್ ಅವರ ಮನೆಯಲ್ಲಿ, ಕರಿಯರನ್ನು ಬೇರೆಯಿಡುತ್ತಿದ್ದ ಕಾಲದ ಫಲಕಗಳು, ಗುಲಾಮಗಿರಿಯ ಕಾಲದ ವಸ್ತುಗಳು ಸೇರಿ ದೊಡ್ಡದೊಂದು ಸಂಗ್ರಹವಿದೆ. ಅವರೂ ಡಯಾನ್ ಅವರೂ ದಶಕಗಳ ಕಾಲ ಕೂಡಿಸಿದ್ದು. ಟ್ರೋಫಿಗಳನ್ನು ಎಲ್ಲಿಟ್ಟಿದ್ದಾರೋ ಗೊತ್ತಿಲ್ಲ.

1988ರಲ್ಲಿ ಹಾಲ್ ಆಫ್ ಫೇಮ್ ಅವರನ್ನು ಒಳಗೆ ಸೇರಿಸಿಕೊಂಡಾಗ, ತಮ್ಮನ್ನು ಪರಿಚಯಿಸಲು ಪೇಜ್ ತರಬೇತುದಾರರನ್ನೋ ಸಹ ಆಟಗಾರರನ್ನೋ ಕರೆಯಲಿಲ್ಲ. ಮಿನಿಯಾಪೊಲಿಸ್‌ನ ಪ್ರೌಢಶಾಲೆಯೊಂದರ ಪ್ರಾಂಶುಪಾಲೆಯನ್ನು ಕರೆದರು. ಭಾಷಣದಲ್ಲಿ ಒಂದು ಪ್ರಸಂಗ ಹೇಳಿದರು. ತಂಡದ ಸಭೆಯಲ್ಲಿ ಒಮ್ಮೆ, ಆಟದ ತಂತ್ರಗಳನ್ನು ಬರೆದಿಟ್ಟ ಪ್ಲೇಬುಕ್ಕನ್ನು ಆಟಗಾರರು ಗಟ್ಟಿಯಾಗಿ ಓದಬೇಕಾಯಿತು. ಕಾಲೇಜುಗಳಲ್ಲಿ ಆಡಿ ಬಂದಿದ್ದ ಆ ದೈತ್ಯರಲ್ಲಿ ಕೆಲವರಿಗೆ ಓದಲು ಬರಲಿಲ್ಲ. ಆ ಕೋಣೆಯನ್ನು ನಾನು ಹಲವು ಬಾರಿ ಕಲ್ಪಿಸಿಕೊಂಡಿದ್ದೇನೆ. ಲೋಹದ ಕುರ್ಚಿಗಳು, ಕೈಯಿಂದ ಕೈಗೆ ಬರುತ್ತಿರುವ ಪುಸ್ತಕ, ತನ್ನ ಸರದಿ ಬರುವವರೆಗೆ ಪುಟ ಎಣಿಸುತ್ತ ಬೆವರುವ ಒಬ್ಬ ಆಟಗಾರ. ಅವನಿಗೆ ಕಾಲೇಜು ಯಾವ ಪಾಠದಲ್ಲೂ ತೇರ್ಗಡೆ ಕೊಟ್ಟಿರುತ್ತದೆ. ಶನಿವಾರ ಪಂದ್ಯ ಇದ್ದರೆ ಸಾಕು. ನನ್ನ ಬಸ್ಸಿನ ಗುರುವಾರವೇ ನನಗೆ ಅಷ್ಟು ಭಾರವಾಗಿತ್ತು. ಅವನು ಇಳಿಯದೆ ಮುಂದೆ ಹೋಗುವ ಬಸ್ಸೂ ಇರಲಿಲ್ಲ.

ಅದೇ ವರ್ಷ ಪೇಜ್ ದಂಪತಿ ಒಂದು ವಿದ್ಯಾನಿಧಿ ಸ್ಥಾಪಿಸಿದರು. ಕಾಲೇಜು ಸೇರುವ, ಬಿಳಿಯರಲ್ಲದ ವಿದ್ಯಾರ್ಥಿಗಳಿಗೆ ಸಹಾಯಧನ. ಪಡೆದವರು ಪ್ರತಿಯಾಗಿ ಸಣ್ಣ ಮಕ್ಕಳಿಗೆ ಪಾಠ ಹೇಳಿಕೊಡಬೇಕು. 2018ರಲ್ಲಿ ಡಯಾನ್ ತೀರಿಕೊಂಡರು. ಆ ವರ್ಷದ ನವೆಂಬರಿನಲ್ಲಿ ದೇಶದ ಅತ್ಯುನ್ನತ ನಾಗರಿಕ ಗೌರವವಾದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಬಂತು. ನಿವೃತ್ತಿಯ ನಂತರವೂ ಸುಮ್ಮನೆ ಕೂತಿಲ್ಲ. 2020ರಲ್ಲಿ ಫೆಡರಲ್ ರಿಸರ್ವ್ ಬ್ಯಾಂಕಿನ ಮಿನಿಯಾಪೊಲಿಸ್ ಶಾಖೆಯ ಅಧ್ಯಕ್ಷ ನೀಲ್ ಕಶ್ಕರಿ ಅವರ ಜೊತೆ ಸೇರಿ, ಗುಣಮಟ್ಟದ ಶಿಕ್ಷಣ ಪ್ರತಿ ಮಗುವಿನ ಮೂಲಭೂತ ಹಕ್ಕು ಎಂದು ರಾಜ್ಯದ ಸಂವಿಧಾನದಲ್ಲಿ ಬರೆಯಬೇಕೆಂಬ ತಿದ್ದುಪಡಿ ಮುಂದಿಟ್ಟರು. ಶಿಕ್ಷಕರ ಸಂಘ ಅದನ್ನು ಒಪ್ಪಲಿಲ್ಲ. ಸಾರ್ವಜನಿಕ ಶಾಲೆಗಳ ಬುಡಕ್ಕೇ ಪೆಟ್ಟು ಬೀಳಬಹುದೆಂಬ ಅವರ ಆತಂಕದಲ್ಲೂ ಹುರುಳಿದೆ ಎಂದು ನನಗೆ ಅನ್ನಿಸುತ್ತದೆ. ಮಗಳ ಶಾಲೆಯ ಹೆಸರಿನವರ ಪ್ರಸ್ತಾವ ಎಂಬ ಕಾರಣಕ್ಕೆ ಕಣ್ಣು ಮುಚ್ಚಿ ಒಪ್ಪಲಾರೆ.

ಪೇಜ್ ಅವರಿಗೆ ಇನ್ನೊಂದು ಹುಚ್ಚಿದೆ. ಹೆಗಲ ಮೇಲೆ ಸುತ್ತಿಕೊಳ್ಳುವ, ತಲೆಯ ಮೇಲೆ ಹಿತ್ತಾಳೆಯ ದೊಡ್ಡ ಬಾಯಿ ತೆರೆದುಕೊಂಡ ಸೂಸಫೋನ್ ಎಂಬ ವಾದ್ಯ. ಅಕ್ಟೋಬರಿನಲ್ಲಿ ಮಿನಿಯಾಪೊಲಿಸ್, ಸೇಂಟ್ ಪಾಲ್ ಎಂಬ ನಮ್ಮ ಎರಡೂ ನಗರಗಳ ನಡುವೆ ನಡೆಯುವ ಮ್ಯಾರಥಾನಿನ ದಿನ ಅವರು ರಸ್ತೆ ಬದಿಯಲ್ಲಿ ನಿಂತು ಓಟಗಾರರಿಗಾಗಿ ಅದನ್ನು ಊದುತ್ತಾರೆ, ಎಷ್ಟೋ ವರ್ಷಗಳಿಂದ. ಒಂದು ವರ್ಷ ನಾನೂ ಮಗಳೂ ಬೆಳಗಿನ ಚಳಿಯಲ್ಲಿ ನೋಡಲು ಹೋದೆವು. ದೂರದಿಂದಲೇ ಸದ್ದು ಕೇಳಿತು, ಹಡಗಿನ ಸೈರನ್ನಿಗೂ ಎಮ್ಮೆಯ ಕೂಗಿಗೂ ನಡುವಿನದು. ರಾಗ ಯಾವುದೆಂದು ನನಗೆ ತಿಳಿಯಲಿಲ್ಲ. ಓಟಗಾರರು ಅವರನ್ನು ಕಂಡು ಕೈ ಬೀಸುತ್ತಿದ್ದರು. ಹಲವರಿಗೆ ಅವರು ಯಾರೆಂದು ಗೊತ್ತಿದ್ದಂತಿರಲಿಲ್ಲ, ಮುದುಕರೊಬ್ಬರು ಉತ್ಸಾಹದಿಂದ ಊದುತ್ತಿದ್ದಾರೆ, ಅಷ್ಟೇ.

"ಬೆರಳು ಕಾಣಿಸುತ್ತಿದೆಯೇ?" ಎಂದು ಮಗಳು ಕೇಳಿದಳು. ನಾವು ರಸ್ತೆಯ ಈಚೆ ಬದಿಯಲ್ಲಿದ್ದೆವು. ಕತ್ತು ಉದ್ದ ಮಾಡಿದೆ. ಹಿತ್ತಾಳೆಯ ಮೇಲೆ ಬೆಳಗಿನ ಬಿಸಿಲು ಹೊಳೆಯುತ್ತಿತ್ತು, ನಡುವೆ ಓಟಗಾರರ ಸಾಲು ಮುಗಿಯುತ್ತಲೇ ಇರಲಿಲ್ಲ. ದಾಟಲು ಜಾಗ ಸಿಗಬಹುದೆಂದು ಕಾದು ನಿಂತೆವು.